ಯಾರ ಕೈ ಜಾರಿತು

೧೪ ನವೆಂಬರ್ ೨೦೨೪, ಗುರುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಬ್ಯಾಂಡೇಜು. ಆದರೂ ಬರೆಯುತ್ತೇನೆ. ನಿಜ ಒಂದು ಕಡೆಯಾದರೂ ಇರಲಿ.

ನನ್ನ ಕೈ ಜಾರಲಿಲ್ಲ.

೧೭ ನವೆಂಬರ್, ಭಾನುವಾರ

ಹೋದ ಭಾನುವಾರ ಇಲ್ಲಿನ ಕನ್ನಡ ಸಂಘದ ದೀಪಾವಳಿ ಊಟ. ವೆಂಬ್ಲಿಯ ಬಾಡಿಗೆ ಹಾಲ್. ಅಡುಗೆ ನನ್ನದು. ಸಾರು ಕುದಿಯುತ್ತಿತ್ತು. ಸಂಘದ ಕಾರ್ಯದರ್ಶಿ ಮಹಾಶಯ, ಬೆಂಗಳೂರಿನ ಕಂಪ್ಯೂಟರ್ ಪಂಡಿತ, ಒಳಗೆ ನುಗ್ಗಿ ಕೌನ್ಸಿಲರ್ ಬಂದಾಯಿತು, ಊಟ ಎಲ್ಲಿ ಎಂದು ಕೂಗಿದ. ತಡಿ, ನನ್ನ ಮಗ ಬರಲಿ ಎಂದೆ. ಕೊಪ್ಪರಿಗೆಯ ಒಂದು ಹಿಡಿ ನನ್ನ ಕೈಯಲ್ಲಿತ್ತು. ಅವನು ಇನ್ನೊಂದನ್ನು ಹಿಡಿದು ಸಿಟ್ಟಿನಲ್ಲಿ ರಪ್ಪನೆ ಎಳೆದ. ಕುದಿಯುವ ಸಾರು ನನ್ನ ಬಲಗೈ ಮೇಲೆ ಸುರಿಯಿತು.

ನಾನು ಕಿರುಚುವ ಮೊದಲೇ ಅವನು ಕೂಗಿದ: "ಅಯ್ಯೋ, ಆಂಟಿ ಕೈ ಜಾರ್ತು!"

ಒಳಗೆ ಬೇರೆ ಯಾರೂ ಇರಲಿಲ್ಲ.

೧ ಡಿಸೆಂಬರ್, ಭಾನುವಾರ

ನೋಡಲು ಬರುವವರ ಕಾಟ. ಎಲ್ಲರ ಕೈಯಲ್ಲೂ ದ್ರಾಕ್ಷಿ ಡಬ್ಬಿ, ಎಲ್ಲರ ಬಾಯಲ್ಲೂ ಒಂದೇ ಮಾತು: ಈ ವಯಸ್ಸಿನಲ್ಲಿ ಅಷ್ಟು ದೊಡ್ಡ ಕೊಪ್ಪರಿಗೆ ನಿಮಗೆ ಬೇಕಿತ್ತಾ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಈಗ ಆ ಅಡುಗೆಮನೆಯಲ್ಲಿ 'ಬಿಸಿ ಪಾತ್ರೆ, ಎಚ್ಚರಿಕೆ' ಎಂದು ಬೋರ್ಡು ಹಾಕಿಸಿದ್ದಾರಂತೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ಕಾರ್ಯದರ್ಶಿಯಿಂದ ಹೂಗುಚ್ಛ ಬಂತು, ಜೊತೆಗೆ ಬೇಗ ಗುಣವಾಗಿ ಎಂಬ ಕಾರ್ಡು. ಹೂ ಕಸದ ಬುಟ್ಟಿಗೆ ಹೋಯಿತು. ಕಾರ್ಡು ಮರುಬಳಕೆಯ ಬುಟ್ಟಿಗೆ, ಕೌನ್ಸಿಲ್‌ನವರು ದಂಡ ಹಾಕದ ಹಾಗೆ.

ಅವರ ಮನೆ ಹಾಳಾಗಲಿ. ನನ್ನ ಹೊಟ್ಟೆ ಉರಿಯುವುದು ಸಂಪತ್‌ನ ಮೇಲೆ. ಆಗ ಅವನು ಹೊರಗೆ ಕಾರಿನಿಂದ ಅನ್ನದ ಪಾತ್ರೆ ಇಳಿಸುತ್ತಿದ್ದ, ನಡೆದದ್ದನ್ನು ನೋಡಲಿಲ್ಲ, ಒಪ್ಪಿದೆ. ಆದರೆ ಹೆತ್ತ ತಾಯಿಯನ್ನು ಇಷ್ಟು ವರ್ಷ ನೋಡಿದ್ದಾನಲ್ಲ? ಇವತ್ತು ಹಾಸಿಗೆಯ ತುದಿಯಲ್ಲಿ ಕೂತು ಹೇಳಿದ.

"ಅಮ್ಮ, ಯಾರ್ದೂ ಫಾಲ್ಟ್ ಅಲ್ಲ. ನಿಂಗ್ ವಯಸ್ಸಾಯ್ತ್, ಅಷ್ಟೇ. ಇನ್ ಕೇಟರಿಂಗ್ ಸಾಕ್."

"ನನ್ ಕೈ ಜಾರ್ಲಿಲ್ಲೆ ಮಾರಾಯ. ಎಷ್ಟ್ ಸಲ ಹೇಳೂದ್?"

"ಓಕೆ ಅಮ್ಮ."

ಆ 'ಓಕೆ ಅಮ್ಮ' ಸುಟ್ಟಷ್ಟು ಸಾರೂ ಸುಡಲಿಲ್ಲ. ಗಿರಾಕಿಗಳಿಗೆಲ್ಲ ಅಮ್ಮ ನಿಲ್ಲಿಸಿದ್ದಾರೆ ಎಂದು ಮೆಸೇಜು ಕಳಿಸಿದ್ದಾನೆ. ಇವನಪ್ಪ ಹೋದ ಮೇಲೆ ಈ ರೇನರ್ಸ್ ಲೇನ್ ಮನೆಯ ಗ್ಯಾರೇಜನ್ನು ಅಡುಗೆಮನೆ ಮಾಡಿ ಇವನನ್ನು ಯೂನಿವರ್ಸಿಟಿಗೆ ಕಳಿಸಿದವಳು ನಾನು. ಅಲ್ಲಿ ಈಗ ಟ್ರೆಡ್‌ಮಿಲ್ ಇಡುತ್ತಾನಂತೆ. ಇದ್ದಲ್ಲೇ ಓಡುವುದಕ್ಕೆ ಒಂದು ಯಂತ್ರ.

೧೧ ಡಿಸೆಂಬರ್, ಬುಧವಾರ

ಸಂಪತ್ ಬೇಡವೆಂದರೂ ಪೊಲೀಸಿಗೆ ಹೇಳಿದೆ. ಒಬ್ಬಳು ಹುಡುಗಿ ಬಂದು ಸೋಫಾದ ತುದಿಯಲ್ಲಿ ಕೂತಳು. ಅವರು ಬೇಕೆಂದೇ ಸುಟ್ಟರೇ ಎಂದು ಕೇಳಿದಳು. ಎಳೆದದ್ದು ಸಿಟ್ಟಿನಲ್ಲಿ, ಸುಳ್ಳು ಹೇಳಿದ್ದು ಬೇಕೆಂದೇ ಎಂದೆ. ಎಳೆದದ್ದಕ್ಕೆ ಕೇಸು ಹಾಕಬಹುದಂತೆ, ಆ ಸುಳ್ಳಿಗೆ ಹಾಕಲಾಗುವುದಿಲ್ಲವಂತೆ. ಎಂಥ ಕಾನೂನು!

ಅವಳು ಹೋದ ಮೇಲೆ ದೇವರ ಮುಂದೆ ಕೂತೆ. ಒಂದು ನಾಣ್ಯ, ಅರಸಿನದಲ್ಲಿ ಅದ್ದಿದ ಬಟ್ಟೆಯ ತುಂಡು. ಎಡಗೈಯಿಂದಲೂ ಹಲ್ಲಿನಿಂದಲೂ ಗಂಟು ಬಿಗಿದು ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನಿಗೆ ಮುಡಿಪು ಕಟ್ಟಿದೆ. ನಿಜ ಹೊರಗೆ ಬರಲಿ, ಸುಳ್ಳು ಹೇಳಿದವನಿಗೆ ತಕ್ಕದ್ದಾಗಲಿ, ಊರಿಗೆ ಬಂದು ನಿನ್ನ ಹುಂಡಿಗೆ ಹಾಕುತ್ತೇನೆ ಎಂದು ಹರಸಿಕೊಂಡೆ. ಮನೆಯಲ್ಲಿ ರೂಪಾಯಿ ಸಿಗಲಿಲ್ಲ, ಪೌಂಡು ಕಟ್ಟಿದ್ದೇನೆ. ದೇವರಿಗೇನೂ ನಷ್ಟವಿಲ್ಲ.

೯ ಜನವರಿ ೨೦೨೫, ಗುರುವಾರ

ಪೊಲೀಸ್ ಹುಡುಗಿಯ ಫೋನು. ಅವನದು ಒಂದು ಮಾತು, ನಿಮ್ಮದು ಒಂದು ಮಾತು, ಸಾಕ್ಷಿ ಇಲ್ಲ, ಕೋರ್ಟಿಗೆ ಹೋದರೆ ಬಹಳ ಕಾಲ ಹಿಡಿಯುತ್ತದೆ, ಗೆಲ್ಲುವ ಖಾತ್ರಿಯೂ ಇಲ್ಲ. ಬೇರೆ ದಾರಿ ಇದೆಯಂತೆ. ಕೋರ್ಟಿಲ್ಲ, ವಕೀಲರಿಲ್ಲ. ಎರಡೂ ಕಡೆಯವರು ವೃತ್ತವಾಗಿ ಕೂತು ಮಾತಾಡಿ ಸರಿಪಡಿಸಿಕೊಳ್ಳುವುದು. ಹೀಲಿಂಗ್ ಸರ್ಕಲ್. ಅದಕ್ಕೆ ಅವನು ತಯಾರಂತೆ. 'ತನ್ನ ಪಾಲಿನ ಹೊಣೆ' ಒಪ್ಪುತ್ತಾನಂತೆ.

ಪಾಲು! ಆಸ್ತಿ ಹಿಸ್ಸೆ ಮಾಡುತ್ತಿದ್ದೇವೆಯೇ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತು. ವೃತ್ತವಾಗಿ ಕೂತು 'ಟೋಪಿ ಬೇಕಾ ಟೋಪಿ' ಆಡುತ್ತಾರೋ ಏನೋ. ಟೋಪಿ ಯಾರ ಹಿಂದೆ ಬೀಳುತ್ತದೆ ಎಂದು ನನಗೆ ಗೊತ್ತಿದೆ.

೨೩ ಜನವರಿ, ಗುರುವಾರ

ಬಲಗೈಯಲ್ಲಿ ಬರೆಯುತ್ತಿದ್ದೇನೆ. ಬರೆದರೆ ಬೆರಳು ಸಡಿಲವಾಗುತ್ತದೆ ಎಂದು ಫಿಸಿಯೋದವಳು ಹೇಳಿದಳು. ಕಿರುಬೆರಳು, ಉಂಗುರದ ಬೆರಳು ಮಾತು ಕೇಳುವುದಿಲ್ಲ. ಅವೂ ಸಂಪತ್‌ನ ಹಾಗೆ.

ವೃತ್ತ ನಡೆಸುವವನು ಮನೆಗೆ ಬಂದಿದ್ದ. ಹೆಸರು ಗ್ಯಾರೆತ್. ಗಡ್ಡ, ಅಳಿಲಿನ ಚಿತ್ರದ ಕಾಲುಚೀಲ. ಈ ವಿದ್ಯೆಯನ್ನು ಕೆನಡಾದ ಮೂಲನಿವಾಸಿ ಹಿರಿಯರ ಹತ್ತಿರ ಕಲಿತನಂತೆ. ಅವರಲ್ಲಿ ತಪ್ಪು ಮಾಡಿದವನು, ನೊಂದವರು, ಎರಡೂ ಮನೆಯವರು ಸುತ್ತ ಕೂರುತ್ತಾರಂತೆ. ಒಂದು ಹದ್ದಿನ ಗರಿ ಕೈಯಿಂದ ಕೈಗೆ ಹೋಗುತ್ತದಂತೆ. ಗರಿ ಹಿಡಿದವರು ಮಾತ್ರ ಮಾತಾಡಬೇಕು, ಉಳಿದವರು ಕೇಳಬೇಕು.

ನಮ್ಮ ಕುಂದಾಪುರದ ಕಡೆ ಹಿರಿಯರು ಜಗಲಿಯಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತ ಮಾಡುತ್ತಿದ್ದ ಪಂಚಾತಿಕೆಯನ್ನು ಕಲಿಯಲು ನೀನು ವಿಮಾನ ಹತ್ತಿ ಕೆನಡಾಕ್ಕೆ ಹೋದೆಯಾ ಎಂದು ಕೇಳಿದೆ. ಅವನಿಗೆ ಅವಮಾನವೇ ಆಗಲಿಲ್ಲ. ಅಲ್ಲಿ ನ್ಯಾಯ ಸಿಗುತ್ತಿತ್ತೇ ಎಂದು ತಿರುಗಿ ಕೇಳಿದ.

ಗಂಡಸರಿಗೆ ಸಿಗುತ್ತಿತ್ತು ಎಂದೆ. ನಾವು ಬಾಗಿಲ ಹಿಂದೆ ನಿಂತು ಕೇಳಬೇಕಿತ್ತು.

ಅದನ್ನು ಬರೆದುಕೊಂಡ. ಬರೆದುಕೊಳ್ಳಲು ಅದರಲ್ಲಿ ಏನಿದೆಯೋ.

ಹದ್ದಿನ ಗರಿ ತರುತ್ತೀಯಾ ಎಂದು ಕೇಳಿದೆ. ತರುವುದಿಲ್ಲವಂತೆ. ಅದು ಆ ಜನರ ನಂಬಿಕೆಯ ವಸ್ತು, ತಾನು ಹೊತ್ತು ತಿರುಗುವ ಹಾಗಿಲ್ಲ. ಕಲಿಸಿದ ಅಜ್ಜಿಯೇ ಅವನಿಗೆ ಹೇಳಿದ್ದಾಳಂತೆ, ನಮ್ಮ ಗರಿ ನಮಗಿರಲಿ, ನೊಂದವರು ತಮ್ಮ ಮನೆಯದ್ದೇ ಏನಾದರೂ ತರಲಿ ಎಂದು. ಆ ಅಜ್ಜಿಗೆ ಬುದ್ಧಿ ಇದೆ. ಇವನಿಗೆ ಯಾಕೆ ಹತ್ತಲಿಲ್ಲವೋ.

"ನಾನು ಏನು ಬೇಕಾದರೂ ತರಬಹುದೇ?" ಎಂದೆ.

"ನಿಮ್ಮ ಪಾಲಿಗೆ ಬಹಳ ಮುಖ್ಯವಾದದ್ದು ಏನಾದರೂ" ಎಂದ.

ಇದೆ ಎಂದೆ. ಅಲ್ಲಿಯವರೆಗೆ ವೃತ್ತಕ್ಕೆ ಬರುವ ಮನಸ್ಸೇ ನನಗಿರಲಿಲ್ಲ. ಕೋರ್ಟಿನಲ್ಲಾದರೆ ಅವನು ಗೀತೆ ಮುಟ್ಟಿ ಸುಳ್ಳು ಹೇಳಿ ಟೈ ಸರಿಮಾಡಿಕೊಂಡು ಹೊರಗೆ ಬಂದಾನು. ಮಾರಣಕಟ್ಟೆಯ ಮುಡಿಪು ಕೈಯಲ್ಲಿ ಹಿಡಿದು ಹೇಳಲಿ, ನೋಡುವ. ಅದು ಏನೆಂದು ಆ ಬೆಂಗಳೂರಿನವನಿಗೆ ಗೊತ್ತಾಗಬೇಕಾಗಿಲ್ಲ. ಅವನು ಯಾರೆಂದು ಬ್ರಹ್ಮಲಿಂಗೇಶ್ವರನಿಗೆ ಗೊತ್ತಾದರೆ ಸಾಕು.

ಗ್ಯಾರೆತ್ ಸಕ್ಕರೆ ಇಲ್ಲದ ಟೀ ಕುಡಿದ. ಅಂಥವನು ಎಂಥ ನ್ಯಾಯ ಹೇಳಿಯಾನು.

೧೫ ಫೆಬ್ರವರಿ, ಶನಿವಾರ

ಆಯಿತು. ಬರೆದು ಮುಗಿಸಿಯೇ ಮಲಗುತ್ತೇನೆ.

ಹ್ಯಾರೋದಲ್ಲಿ ಒಂದು ಚರ್ಚಿನ ಹಿಂದಿನ ಕೋಣೆ. ಗೋಡೆಯ ಮೇಲೆ ಮಕ್ಕಳು ಹತ್ತಿ ಅಂಟಿಸಿ ಮಾಡಿದ ಕುರಿಗಳು. ವೃತ್ತ ಎಂದರೆ ಪ್ಲಾಸ್ಟಿಕ್ ಕುರ್ಚಿಗಳು, ಅದೂ ಒಂದು ಬದಿ ಚಪ್ಪಟೆ. ಇವರಿಗೆ ಕುರ್ಚಿಯನ್ನೇ ದುಂಡಗೆ ಇಡಲು ಬರುವುದಿಲ್ಲ, ಮುರಿದದ್ದನ್ನು ಜೋಡಿಸುತ್ತಾರಂತೆ. ಗ್ಯಾರೆತ್, ಅವನ ಪಕ್ಕ ಸಂಪತ್, ಆಮೇಲೆ ಕಾರ್ಯದರ್ಶಿಯ ಹೆಂಡತಿ ಉಷಾ, ಆಮೇಲೆ ಕಾರ್ಯದರ್ಶಿ, ಕೊನೆಗೆ ನಾನು. ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿ ಕೆಲಸದ ಇಂಟರ್‌ವ್ಯೂಗೆ ಬಂದವನ ಹಾಗೆ ಕೂತಿದ್ದ. ಸೊರಗಿದ್ದಾನೆ. ಸೊರಗಲಿ.

ಮುಡಿಪನ್ನು ಗ್ಯಾರೆತ್‌ನ ಕೈಗೆ ಕೊಟ್ಟೆ. ಇದು ನಮ್ಮ ಊರಿನ ದೇವರದು ಎಂದಷ್ಟೇ ಇಂಗ್ಲಿಷಿನಲ್ಲಿ ಹೇಳಿದೆ. ಎಷ್ಟು ಚಂದ ಇದೆ ಎಂದು ಎರಡೂ ಕೈಯಲ್ಲಿ ಹಿಡಿದುಕೊಂಡ. ದಾರಿ ತೋರಿಸಲು ಮೊದಲು ತಾನೇ ಮಾತಾಡುತ್ತೇನೆಂದ. ತನಗೆ ಹೆದರಿಕೆಯಾಗುತ್ತಿದೆ, ನಿನ್ನೆ ನಿದ್ದೆ ಬಂದಿಲ್ಲ, ಕಳೆದ ಸಲ ತಾನು ನಡೆಸಿದ ವೃತ್ತದಲ್ಲಿ ಇಬ್ಬರೂ ಇನ್ನಷ್ಟು ಜಗಳವಾಡಿ ಎದ್ದುಹೋದರು ಎಂದುಬಿಟ್ಟ. ಬ್ರಹ್ಮಲಿಂಗೇಶ್ವರ ಬಿಳಿಯರ ಬಾಯಲ್ಲೂ ನಿಜ ಹೊರಡಿಸುತ್ತಾನೆ ಎಂದಾಯಿತು.

ಸಂಪತ್ ಅದನ್ನು ನೋಡಿದ ಕೂಡಲೇ ನನ್ನನ್ನು ನೋಡಿದ. ಅವನಿಗೆ ಗೊತ್ತು, ಚಿಕ್ಕವನಿದ್ದಾಗ ಅವನ ಜ್ವರಕ್ಕೂ ಕಟ್ಟಿದ್ದೆ. "ಅಮ್ಮ ಮುಂಚಿನ ಹಾಗಿಲ್ಲ, ನನಗೆ ಅವರ ಬಗ್ಗೆ ಭಯ" ಎಂದು ಇಂಗ್ಲಿಷಿನಲ್ಲಿ ಹೇಳಿ ಬೇಗ ಬೇಗ ಉಷಾಗೆ ದಾಟಿಸಿದ.

ಉಷಾ ಬೆರಳಲ್ಲಿ ಒಳಗಿನ ನಾಣ್ಯವನ್ನು ಒತ್ತಿ ನೋಡಿದಳು, ಮೂಸಿದಳು. ಮುಖ ಬಿಳಿಚಿಕೊಂಡಿತು. ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದಳು.

"ರೀ, ಇದು ಮುಡಿಪು ಕಣ್ರೀ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲಲ್ಲ, ಎರಡೂ ಕೈಯನ್ನು ತೊಡೆಯ ಕೆಳಗೆ ಸೇರಿಸಿದ. ಪೊಲೀಸರ ಮುಂದೆ ಅಳುಕದವನು! ಗ್ಯಾರೆತ್ ಅವಸರವಿಲ್ಲ ಎಂದ. ಕೊನೆಗೆ ಉಷಾಳೇ ಅವನ ಕೈ ಹೊರಗೆಳೆದು ಅದರಲ್ಲಿ ಇಟ್ಟಳು. ಅವನು ಇಂಗ್ಲಿಷಿನಲ್ಲಿ ಶುರು ಮಾಡಿದ, ಅಂದು ನಡೆದ ದುರದೃಷ್ಟಕರ ಘಟನೆ ಎಂದು. ಅಲ್ಲಿಗೇ ನಿಂತ. ನನ್ನ ಕಡೆ ತಿರುಗಿದ.

"ಯಾವ್ ದೇವ್ರದಮ್ಮಾ ಇದು?"

"ಮಾರಣಕಟ್ಟೆದ್. ಈಗ ಹೇಳ್" ಎಂದೆ. ಮಾತಾಡುವ ಸರದಿ ನನ್ನದಾಗಿರಲಿಲ್ಲ. ಗ್ಯಾರೆತ್ ತಡೆಯಲಿಲ್ಲ.

"ಅವ್ರ ಕೈ ಜಾರ್ಲಿಲ್ಲ" ಎಂದ. "ನಾನೇ ಎಳ್ದೆ. ಅವ್ರು ತಡಿ ಅಂದ್ರು, ನಂಗೆ ಕೋಪ ಬಂತು, ಎಳ್ದೆ. ಆಮೇಲೆ ಬಾಯಿಗೆ ಅದು ಬಂದ್ಬಿಡ್ತು, ಕೈ ಜಾರ್ತು ಅಂತ. ಎಲ್ರೂ ನಂಬ್ಬಿಟ್ರು. ಒಬ್ರಾದ್ರೂ ನಂಬ್ದೇ ಇದ್ದಿದ್ರೆ ಅವತ್ತೇ ಹೇಳ್ಬಿಡ್ತಿದ್ನೇನೋ. ಪೊಲೀಸ್ ಬಂದ್ಮೇಲೆ ಸಿಟಿಜನ್‌ಶಿಪ್ ಹೋಗುತ್ತೆ ಅಂತ ಭಯ ಆಯ್ತು. ನನ್ನ ಮಗಳು ದಿನಾ ಕೇಳ್ತಾಳೆ, ಅಜ್ಜಿ ಕೈ ವಾಸಿ ಆಯ್ತಾ ಅಂತ."

ಅಳುತ್ತಿದ್ದ. ಅಳುವ ಗಂಡಸರನ್ನು ಕಂಡರೆ ನನಗೆ ಮೊದಲಿಂದಲೂ ಆಗುವುದಿಲ್ಲ.

ಗ್ಯಾರೆತ್‌ಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿದ್ದ. ಅಷ್ಟರಮಟ್ಟಿಗೆ ಕೆನಡಾದ ಅಜ್ಜಿ ಚೆನ್ನಾಗಿಯೇ ಕಲಿಸಿದ್ದಾಳೆ. ಸಂಪತ್ ಎದ್ದು ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ವೃತ್ತ ಮತ್ತಷ್ಟು ಚಪ್ಪಟೆಯಾಯಿತು.

"ಅಮ್ಮ, ನಾನ್ ನಿನ್ ನಂಬ್ಕಿತ್" ಎಂದ. ನಂಬಬೇಕಾಗಿತ್ತಂತೆ. ಈಗ ಹೇಳುತ್ತಾನೆ.

ಮುಡಿಪು ನನ್ನ ಕೈಗೆ ಬಂತು, ಬೆವರಿಗೆ ಒದ್ದೆಯಾಗಿತ್ತು. ಇದು ಸರಿಯಾಗಲು ನಿಮಗೆ ಏನು ಬೇಕು ಎಂದು ಗ್ಯಾರೆತ್ ಕೇಳಿದ. ಇಷ್ಟು ತಿಂಗಳು ಬ್ಯಾಂಡೇಜು ನೋಡುತ್ತ ಅವನಿಗೆ ಎಂತೆಂಥ ಶಿಕ್ಷೆ ಯೋಚಿಸಿದ್ದೆ! ಜೈಲು, ಗಡಿಪಾರು, ಅವನ ಕೈಯ ಮೇಲೂ ಒಂದು ಸೌಟು ಸಾರು. ಒಂದೂ ನೆನಪಿಗೆ ಬರಲಿಲ್ಲ. ಹಸಿವಾಗಿತ್ತು, ಅದಕ್ಕೇ ಇರಬೇಕು.

"ಯುಗಾದಿ ಊಟ ನಾನೇ ಮಾಡ್ಕ್" ಎಂದೆ. "ಇಲ್ಲಿ ಹೇಳಿದ್ದನ್ನ ಅಲ್ಲಿ ಎಲ್ಲರ ಎದ್ರಿಗೆ ಮೈಕ್ ಹಿಡ್ಕಂಡ್ ಹೇಳ್ಕ್. ಮತ್ತೆ ಕೊಪ್ಪರಿಗೆ ಎತ್ತೂಕೆ ಆ ಬದಿ ನೀನೇ ಬರ್ಕ್."

ಅವನು ಹೂಂ ಎಂದ. ಅಡುಗೆ ನಾನು ಮಾಡಬೇಕು, ನಿಜ ಅವನು ಹೇಳಬೇಕು, ಕೊಪ್ಪರಿಗೆಗೂ ಅವನೇ ಕೈ ಕೊಡಬೇಕು ಎಂದು ಸಂಪತ್ ಗ್ಯಾರೆತ್‌ಗೆ ಇಂಗ್ಲಿಷಿನಲ್ಲಿ ಹೇಳಿದ. ಗ್ಯಾರೆತ್ ಹೀಲಿಂಗ್ ಎಂದು ಏನೋ ಶುರು ಮಾಡಿದ. ಹೀಲಿಂಗ್ ಅಲ್ಲ, ಸಾರು ಎಂದೆ.

೧೬ ಫೆಬ್ರವರಿ, ಭಾನುವಾರ

ಸಂಪತ್ ಟ್ರೆಡ್‌ಮಿಲ್ ವಾಪಸು ಕಳಿಸಿದ.

ಗೆದ್ದೆ. ಖುಷಿಯಾಗಬೇಕಿತ್ತು. ಆ ಕಾರ್ಯದರ್ಶಿ, ಉಮಾಶಂಕರ, ಕೈಯನ್ನು ತೊಡೆಯ ಕೆಳಗೆ ಸೇರಿಸಿದ್ದೇ ಕಣ್ಣೆದುರು ಬರುತ್ತದೆ.

೧೫ ಮಾರ್ಚ್, ಶನಿವಾರ

ಉಮಾಶಂಕರನನ್ನು ಮನೆಗೆ ಕರೆಸಿ ಕೊಪ್ಪರಿಗೆಗೆ ನೀರು ತುಂಬಿಸಿ ಎತ್ತಿಸಿದೆ. ಕೀಬೋರ್ಡು ಕುಟ್ಟುವ ಕೈ, ಮೊಣಕಾಲು ಬಗ್ಗಿಸಲೂ ತಿಳಿಯದು. ಬೆನ್ನು ಬಗ್ಗಿಸಿ ಎತ್ತಿದರೆ ಸೊಂಟ ಹಿಡಿಯುತ್ತದೆ ಎಂದು ಬೈದೆ. ಗ್ಯಾರೇಜೆಲ್ಲ ನೀರು. ಊಟ ಮಾಡಿ ಹೋಗು ಎಂದರೆ ಬೇಡ ಬೇಡ ಎಂದ, ಕೂತ ಮೇಲೆ ಮತ್ತೆ ಮತ್ತೆ ಹಾಕಿಸಿಕೊಂಡ. ಉಷಾ ಅವನಿಗೆ ಹೊಟ್ಟೆಗೆ ಏನು ಹಾಕುತ್ತಾಳೋ. ಒಂದು ಡಬ್ಬಿಯಲ್ಲಿ ಗೊಜ್ಜು ಕೊಟ್ಟು ಕಳಿಸಿದ್ದೇನೆ, ಉಳಿದಿತ್ತು ಎಂದು. ಡಬ್ಬಿ ವಾಪಸು ಕೊಡುತ್ತಾನೋ ಇಲ್ಲವೋ, ಬೆಂಗಳೂರಿನವರು.

ಪೊಲೀಸ್ ಹುಡುಗಿ ಫೋನ್ ಮಾಡಿದ್ದಳು, ಇನ್ನು ಕೋರ್ಟು ಬೇಕೇ ಎಂದು. ಅಡುಗೆ ಕೆಲಸ ಬಹಳ ಇದೆ, ಪುರುಸೊತ್ತಿಲ್ಲ ಎಂದೆ.

೩೦ ಮಾರ್ಚ್, ಭಾನುವಾರ, ಯುಗಾದಿ

ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದಕ್ಕೆ ಇಂಗ್ಲಿಷರಿಗೆ ಇವತ್ತೇ ಬೇಕಿತ್ತು. ನಿದ್ದೆ ಹಾಳು. ಹೋಳಿಗೆ ಮಾತ್ರ ಚೆನ್ನಾಗಿ ಬಂತು.

ಅದೇ ವೆಂಬ್ಲಿ ಹಾಲ್. ಸ್ವಾಗತ ಭಾಷಣಕ್ಕೆ ನಿಂತ ಉಮಾಶಂಕರ ಹೇಳಿದ. ಸುತ್ತಿ ಬಳಸಲಿಲ್ಲ. ದೀಪಾವಳಿ ದಿನ ಗುಣವತಿ ಅಮ್ಮನವರ ಕೈ ಜಾರಲಿಲ್ಲ, ನಾನು ಎಳೆದೆ, ಆಮೇಲೆ ಸುಳ್ಳು ಹೇಳಿದೆ, ನಾಳೆಯಿಂದ ನಾನು ಕಾರ್ಯದರ್ಶಿ ಅಲ್ಲ ಎಂದ. ದ್ರಾಕ್ಷಿ ತಂದಿದ್ದವರೆಲ್ಲ ನೆಲ ನೋಡುತ್ತಿದ್ದರು. ಆಮೇಲೆ ಅವರಲ್ಲೊಬ್ಬಳು ಅಡುಗೆಮನೆಗೇ ಬಂದು "ನಂಗೆ ಅವತ್ತೇ ಡೌಟ್ ಇತ್ತು ಆಂಟಿ" ಎಂದಳು. ಮುಖ ನೋಡು!

ಒಲೆ ಆರಿಸಿ ಸಾರನ್ನು ಬಹಳ ಹೊತ್ತು ತಣಿಯಲು ಬಿಟ್ಟಿದ್ದೆ. ಒಳಗೆ ನಾವಿಬ್ಬರೇ. ಅವನು ಬಿಳಿ ಪಂಚೆ ಎತ್ತಿ ಕಟ್ಟಿ ಆ ಬದಿಯ ಹಿಡಿ ಹಿಡಿದ. ನಾನು ಈ ಬದಿ.

"ಎತ್ತ್ ಮಾಣಿ, ನಿಧಾನ" ಎಂದೆ.

ಒಲೆಯಿಂದ ಮೇಜಿಗೆ ಹೋಗುವ ನಡುವೆ ಮಾತು ಕೇಳದ ಆ ಎರಡು ಬೆರಳು ಬಿಟ್ಟುಕೊಂಡವು. ಹಿಡಿ ಕೈಯಿಂದ ಹೋಯಿತು. ಯಾರೂ ಎಳೆಯಲಿಲ್ಲ, ಯಾರೂ ದೂಡಲಿಲ್ಲ. ಉಮಾಶಂಕರ ತನ್ನ ಹಿಡಿ ಬಿಡದೆ, ಮೊಣಕಾಲು ಬಗ್ಗಿಸಿ, ಇನ್ನೊಂದು ಕೈಯನ್ನು ಅಡಿಗೆ ಕೊಟ್ಟ. ಸಾರು ಪಂಚೆಯ ಮೇಲೂ ನೆಲದ ಮೇಲೂ ಚೆಲ್ಲಿತು. ಕೊಪ್ಪರಿಗೆ ಬೀಳಲಿಲ್ಲ.

ಸದ್ದಿಗೆ ಸಂಪತ್ ಓಡಿ ಬಂದ, ಹಿಂದಿನಿಂದ ದ್ರಾಕ್ಷಿಯವರು. ಸಂಪತ್‌ನ ಕಣ್ಣು ನೇರ ನನ್ನ ಬಲಗೈಗೆ ಹೋಯಿತು. ಎಷ್ಟೋ ತಿಂಗಳಿಂದ ಬೇಡುತ್ತಿದ್ದ ನಿಜ ಬಾಯಿಯ ತುದಿಯಲ್ಲಿತ್ತು.

"ಸಾರಿ ಸಾರಿ" ಎಂದ ಉಮಾಶಂಕರ. "ನನ್ ಕೈ ಜಾರ್ತು."

"ಈ ಮನುಷ್ಯಂಗೆ ಬುದ್ಧಿ ಬರಲ್ಲ ಕಣ್ರೀ!" ಎಂದಳು ಒಬ್ಬಳು. ಹಾಲ್‌ಗೆಲ್ಲ ಕೇಳಿಸಿತು. ಉಷಾಗೂ ಕೇಳಿಸಿರಬೇಕು. ಸಂಪತ್ ಅವನನ್ನು ದೂಡಿಕೊಂಡೇ ಮುಂದೆ ಬಂದ.

"ಬಿಡಿ ನೀವ್, ನಾನ್ ಹಿಡಿತೆ."

"ಬ್ಯಾಡ" ಎಂದೆ. "ಅವ್ನೇ ಹಿಡೀಲಿ."

ಸಾರು ಎಲ್ಲರಿಗೂ ಸಾಕಾಯಿತು. ಅಡ್ಡಿಲ್ಲೆ, ಉಪ್ಪು ಚೂರು ಮುಂದಾಗಿತ್ತು. ಉಮಾಶಂಕರನ ಪಂಚೆ ಮನೆಗೆ ತಂದು ನೆನೆಹಾಕಿದ್ದೇನೆ. ಅರಸಿನದ ಕಲೆ ತೆಗೆಯಲು ಆ ಉಷಾಗೆ ಎಲ್ಲಿ ಬರಬೇಕು. ಬೇಸಿಗೆಯಲ್ಲಿ ಊರಿಗೆ ಹೋಗಿ ಮುಡಿಪು ಒಪ್ಪಿಸಬೇಕು. ತಾನೂ ಬರುತ್ತೇನೆ ಎಂದಿದ್ದಾನೆ, ದಾರಿ ಗೊತ್ತಿಲ್ಲವಂತೆ. ಅದೂ ನನ್ನ ತಲೆಗೇ.

ನಿಜ ಒಂದು ಕಡೆಯಾದರೂ ಇರಲಿ ಎಂದು ಬರೆದಿಡುತ್ತೇನೆ: ಸುಳ್ಳು ಹೇಳುವ ಚಾಳಿ ಆ ಮಾಣಿಗೆ ಇನ್ನೂ ಹೋಗಿಲ್ಲ.